ಅಚ್ಚಾಗದ ಗೆರೆಗಳು: ಚಿತ್ರ ತಂತ್ರಾಂಶದಲ್ಲಿ ಅಳತೆಪಟ್ಟಿ ಮತ್ತು ಗೈಡ್‌ಗಳ ಬಳಕೆ

(ಸಂಘದ ಬೇಸಿಗೆ ಕಂಪ್ಯೂಟರ್ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ಕೇಳಲು ಬಹಳ ಚಿಕ್ಕದು. ಫೋಟೋಶಾಪ್ ಕಲಿಸುತ್ತೇನೆ ಎಂದರೆ ಮಕ್ಕಳು ಕೇಳುವುದೇ ಬೇರೆ. ಫೋಟೋದ ಹಿನ್ನೆಲೆ ತೆಗೆಯುವುದು ಹೇಗೆ, ಮುಖ ಬೆಳ್ಳಗೆ ಮಾಡುವುದು ಹೇಗೆ, ಅಕ್ಷರಕ್ಕೆ ಚಿನ್ನದ ಬಣ್ಣ ಬಳಿಯುವುದು ಹೇಗೆ ಎಂದು ಕೇಳುತ್ತಾರೆ. ಪರದೆಯ ಮೇಲ್ಗಡೆ ಒಂದು, ಎಡಗಡೆ ಒಂದು, ಅಂಕಿಗಳಿರುವ ಎರಡು ಪಟ್ಟಿಗಳಿರುತ್ತವೆ. ಅವುಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಆ ಎರಡು ಪಟ್ಟಿಗಳ ಬಗ್ಗೆ, ಅವುಗಳೊಳಗಿಂದ ಎಳೆದು ತರುವ ಗೆರೆಗಳ ಬಗ್ಗೆ ಮಾತ್ರ ಇಂದು ಮಾತನಾಡುತ್ತೇನೆ. ಪಟ್ಟಿಗೆ ತಂತ್ರಾಂಶದಲ್ಲಿ ರೂಲರ್ ಎಂದು ಹೆಸರು, ಗೆರೆಗೆ ಗೈಡ್ ಎಂದು ಹೆಸರು. ಶಾಲೆಯಲ್ಲಿ ನಾವು ರೂಲರನ್ನು ಸ್ಕೇಲು ಎನ್ನುತ್ತೇವೆ. ಸ್ಕೇಲಿಗೆ ಹಿಂದೆ ಇದ್ದ ಇನ್ನೊಂದು ಉಪಯೋಗ ಇಲ್ಲಿ ಕುಳಿತಿರುವ ಹಿರಿಯರ ಬೆರಳ ಗೆಣ್ಣುಗಳಿಗೆ ಗೊತ್ತು. ಅದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅಳೆಯುವ ಉಪಯೋಗವನ್ನು ಯಾರೂ ನಿಷೇಧಿಸಿಲ್ಲ, ಆದರೂ ನಾವು ಅದನ್ನೂ ಬಿಟ್ಟುಬಿಟ್ಟಿದ್ದೇವೆ.

ಇದರಿಂದ ಏನಾಗುತ್ತದೆ ಎನ್ನುವುದನ್ನು ಒಂದು ಹೆಸರಿನ ಮೂಲಕ ತೋರಿಸುತ್ತೇನೆ. ನಮ್ಮ ಸಮಾರಂಭಗಳ ಪ್ರಶಸ್ತಿ ಪತ್ರಗಳಲ್ಲಿ ಎಡಗಡೆ ಕನ್ನಡ, ಬಲಗಡೆ ಉರ್ದು ಇರುವುದು ವಾಡಿಕೆ. ಉರ್ದು ಸಾಲು ಬಲ ಅಂಚಿನಿಂದ ಆರಂಭವಾಗುತ್ತದೆ. ಪ್ರೆಸ್ಸಿನ ಕಟಿಂಗ್ ಮೆಷಿನ್ ಬಲ ಅಂಚನ್ನು ಒಂದೆರಡು ಮಿಲಿಮೀಟರ್ ಒಳಗೆ ಕತ್ತರಿಸಿದರೆ ಮೊದಲು ಹೋಗುವುದು ಸಾಲಿನ ಮೊದಲಕ್ಷರ. ಆಸ್ಮಾ ಎಂದು ಉರ್ದುವಿನಲ್ಲಿ ಬರೆದ ಹೆಸರಿನ ಮುಂದಿನ ಅಲಿಫ್ ಹೋದರೆ ಉಳಿಯುವುದು ಸಮಾ. ಸಮಾ ಎಂದರೆ ಆಕಾಶ. ಪದ ಚೆನ್ನಾಗಿಯೇ ಇದೆ, ಆದರೆ ಅದು ಆ ಹುಡುಗಿಯ ಹೆಸರಲ್ಲ. ಕನ್ನಡದ ಕಡೆ ಅಪಾಯ ಕೆಳಗಿನಿಂದ ಬರುತ್ತದೆ. ಅಬ್ದುಲ್ಲಾ ಎಂಬ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ. ಕೆಳಗಡೆ ಬಣ್ಣದ ಪಟ್ಟಿಯೊಂದು ಒತ್ತುಗಳನ್ನು ನುಂಗಿದರೆ ಅಬುಲಾ ಎಂದು ಓದಬೇಕಾಗುತ್ತದೆ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಹೀಗೆ ಅರ್ಧ ಹೆಸರಿನ ಪ್ರಶಸ್ತಿ ಪತ್ರ ಹಿಡಿದು ವೇದಿಕೆಯಿಂದ ಇಳಿದ ಮಗುವನ್ನು ನಾನು ನೋಡಿದ್ದೇನೆ. ಮನೆಯವರು ಅದನ್ನು ಗೋಡೆಗೆ ಹಾಕಲು ಕಟ್ಟು ಹಾಕಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಓದಿನ ಗುರುತಾಗಿ ಗೋಡೆಯ ಮೇಲೆ ಇರುವುದು ಅದೊಂದೇ ಹಾಳೆ.

ಕಣ್ಣಳತೆಯಲ್ಲಿ ಕೂರಿಸಿದ ಪುಟ ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಈ ತಪ್ಪು ಮರುಕಳಿಸುತ್ತದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಕಂಪ್ಯೂಟರಿನ ಗೈಡ್ ಹೊಸ ವಸ್ತುವೇನಲ್ಲ. ನಮ್ಮ ಕಾತಿಬರಿಗೆ, ಅಂದರೆ ಕೈಯಲ್ಲಿ ಉರ್ದು, ಫಾರ್ಸಿ, ಅರಬಿ ಗ್ರಂಥಗಳನ್ನು ಬರೆಯುತ್ತಿದ್ದವರಿಗೆ, ಮಿಸ್ತರ್ ಎಂಬ ಒಂದು ಸಾಧನವಿತ್ತು. ದಪ್ಪ ರಟ್ಟಿನ ಮೇಲೆ ಸಾಲಿನ ಅಂತರಕ್ಕೆ ಸರಿಯಾಗಿ ದಾರಗಳನ್ನು ಬಿಗಿದು ಹೊಲಿದಿರುತ್ತಿದ್ದರು. ಬರೆಯುವ ಕಾಗದವನ್ನು ಅದರ ಮೇಲಿಟ್ಟು ಬೆರಳಿನಿಂದ ತೀಡಿದರೆ ದಾರದ ಗುರುತು ಕಾಗದದಲ್ಲಿ ಮೂಡುತ್ತಿತ್ತು. ಆ ಗುರುತಿಗೆ ಬಣ್ಣವಿಲ್ಲ, ಶಾಯಿ ಇಲ್ಲ. ಬರೆಯುವವನ ಕಣ್ಣಿಗೆ ಮಾತ್ರ ಬೆಳಕಿನ ಓರೆಯಲ್ಲಿ ಕಾಣುತ್ತದೆ. ಓದುವವನಿಗೆ ನೇರವಾದ ಸಾಲು ಕಾಣುತ್ತದೆ, ಗೆರೆ ಕಾಣುವುದಿಲ್ಲ. ಹಳೆಯ ಕೈಬರಹದ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಮಿಸ್ತರಿನ ಗುರುತು ಇನ್ನೂ ಸಿಕ್ಕೀತು.

ಸಾಲಿಗೆ ಮಿಸ್ತರ್ ಇದ್ದಂತೆ ಅಕ್ಷರಕ್ಕೆ ನುಕ್ತೆಯ ಅಳತೆ ಇತ್ತು. ಕಲಮಿನ ಮೊನೆಯನ್ನು ಕಾಗದದ ಮೇಲೆ ಒಮ್ಮೆ ಊರಿದರೆ ಮೂಡುವ ಚೌಕಾಕಾರದ ಚುಕ್ಕೆಯೇ ಮಾನ. ಬಗ್ದಾದಿನ ವಜೀರರಾಗಿದ್ದು 940ರಲ್ಲಿ ತೀರಿಕೊಂಡ ಇಬ್ನ್ ಮುಖ್ಲಾ ಅವರಿಗೆ ಈ ಅಳತೆಬದ್ಧ ಬರವಣಿಗೆಯ ಕೀರ್ತಿಯನ್ನು ಪರಂಪರೆ ಕೊಡುತ್ತದೆ. ಮುಂದೆ ಬಂದ ನಸ್ತಾಲೀಕ್ ಲಿಪಿಯಲ್ಲಿ ಅಲಿಫಿನ ಎತ್ತರ ಮೂರು ನುಕ್ತೆ ಎಂದು ಉಸ್ತಾದರು ಮೊದಲ ದಿನವೇ ತಖ್ತಿಯ ಮೇಲೆ ಚುಕ್ಕೆ ಇಟ್ಟು ತೋರಿಸುತ್ತಾರೆ. ಕಲಮ್ ದಪ್ಪವಾದರೆ ನುಕ್ತೆಯೂ ದಪ್ಪ, ಅಲಿಫೂ ಎತ್ತರ. ಪ್ರಮಾಣ ಮಾತ್ರ ಬದಲಾಗುವುದಿಲ್ಲ. ಕನ್ನಡದ ಮಕ್ಕಳಿಗೆ ಎರಡು ಗೆರೆಯ ಕಾಪಿ ಪುಸ್ತಕ ಕೊಟ್ಟು ದುಂಡಗೆ ಬರೆಯಿರಿ ಎನ್ನುವುದೂ ಇದೇ ವಿದ್ಯೆ.

ಕಾಲ ಬದಲಾಯಿತು. ಕರಾಚಿಯ ಮಿರ್ಜಾ ಅಹ್ಮದ್ ಜಮೀಲ್ ಅವರು ಸಾವಿರಾರು ಜೋಡಕ್ಷರಗಳನ್ನು ಒಂದೊಂದಾಗಿ ಬರೆದು ರೂಪಿಸಿದ ನೂರಿ ನಸ್ತಾಲೀಕ್ 1981ರಲ್ಲಿ ಪತ್ರಿಕೆಯ ಪುಟಕ್ಕೆ ಬಂದ ಮೇಲೆ ಉರ್ದು ಅಚ್ಚಿನ ಕೆಲಸ ಕಾತಿಬರ ಕೈಯಿಂದ ನಿಧಾನವಾಗಿ ಜಾರಿತು. ಚೆನ್ನೈನಲ್ಲಿ 1927ರಲ್ಲಿ ಆರಂಭವಾದ ಮುಸಲ್ಮಾನ್ ಪತ್ರಿಕೆ ಅದಾದ ಮೇಲೂ ದಶಕಗಳ ಕಾಲ ಕೈಬರಹದಲ್ಲೇ ಹೊರಬಂದಿತು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಕಂಪ್ಯೂಟರ್ ನಮಗೆ ಅಕ್ಷರಗಳನ್ನು ಸಿದ್ಧ ರೂಪದಲ್ಲಿ ಕೊಟ್ಟಿತು. ಆದರೆ ಪುಟದ ಮೇಲೆ ಅವುಗಳನ್ನು ಎಲ್ಲಿ ಕೂರಿಸಬೇಕು ಎಂಬ ಕಾತಿಬರ ವಿವೇಕವನ್ನು ಕೊಡಲಿಲ್ಲ. ಅದನ್ನು ನಾವೇ ಅಳೆದು ತರಬೇಕು.

ಇನ್ನು ಕೆಲಸಕ್ಕೆ ಬರೋಣ. ಎರಡು ತಂತ್ರಾಂಶಗಳನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಒಂದು ಫೋಟೋಶಾಪ್, 1990ರಿಂದ ಇರುವುದು, ಹಣ ಕೊಟ್ಟು ಪಡೆಯಬೇಕಾದದ್ದು. ಇನ್ನೊಂದು ಜಿಂಪ್, 1996ರಿಂದ ಇರುವುದು, ಎಲ್ಲರಿಗೂ ಉಚಿತ. ಕಳ್ಳ ಪ್ರತಿಯ ಫೋಟೋಶಾಪ್ ಹಾಕಿಕೊಂಡು ಕಲಿಯುವುದಕ್ಕಿಂತ ಜಿಂಪ್ ಕಲಿಯುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂದು ಹೇಳುವ ಕೆಲಸವೆಲ್ಲ ಅದರಲ್ಲಿ ಆಗುತ್ತದೆ.

ಫೋಟೋಶಾಪಿನಲ್ಲಿ ಕಂಟ್ರೋಲ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಳತೆಪಟ್ಟಿ ಕಾಣುತ್ತದೆ. ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಪಿಕ್ಸೆಲ್, ಇಂಚು, ಮಿಲಿಮೀಟರ್ ಯಾವುದು ಬೇಕೋ ಆರಿಸಿಕೊಳ್ಳಬಹುದು. ಜಿಂಪಿನಲ್ಲಿ ವ್ಯೂ ಮೆನುವಿನಲ್ಲಿ ಶೋ ರೂಲರ್ಸ್ ಎಂದಿದೆ. ಮಾನವನ್ನು ಕಿಟಕಿಯ ಕೆಳ ಅಂಚಿನಲ್ಲಿ ಬದಲಿಸಬೇಕು. ಪಟ್ಟಿಯ ಮೇಲೆ ಮೌಸ್ ಒತ್ತಿ ಹಿಡಿದು ಚಿತ್ರದೊಳಕ್ಕೆ ಎಳೆದರೆ ಒಂದು ಗೆರೆ ಹಿಂದೆಯೇ ಬರುತ್ತದೆ. ಮೇಲಿನ ಪಟ್ಟಿಯಿಂದ ಅಡ್ಡಗೆರೆ, ಎಡಪಟ್ಟಿಯಿಂದ ಲಂಬಗೆರೆ. ಬೇಡವಾದರೆ ಮೂವ್ ಟೂಲಿನಿಂದ ಹಿಡಿದು ವಾಪಸ್ ಪಟ್ಟಿಗೇ ತಳ್ಳಿದರೆ ಮಾಯ. ಈ ಗೆರೆಗಳು ಅಚ್ಚಿನಲ್ಲಿ ಬರುವುದಿಲ್ಲ, ಜೆಪೆಗ್ ಮಾಡಿ ಕಳುಹಿಸಿದರೆ ಅದರಲ್ಲೂ ಕಾಣುವುದಿಲ್ಲ. ಫೋಟೋಶಾಪಿನ ಪಿ.ಎಸ್.ಡಿ. ಮತ್ತು ಜಿಂಪಿನ ಎಕ್ಸ್.ಸಿ.ಎಫ್. ಕಡತಗಳಲ್ಲಿ ಉಳಿದಿರುತ್ತವೆ. ಆದ್ದರಿಂದ ಜೆಪೆಗ್ ಮಾಡಿದ ಮೇಲೆ ಮೂಲ ಕಡತವನ್ನು ಅಳಿಸಬೇಡಿ. ಮುಂದಿನ ವರ್ಷದ ಸಮಾರಂಭಕ್ಕೆ ಮತ್ತೆ ಮೊದಲಿನಿಂದ ಅಳೆಯುವ ಕಷ್ಟ ತಪ್ಪುತ್ತದೆ.

ಕೈಯಿಂದ ಎಳೆದ ಗೆರೆ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ನಿಖರವಾಗಿ ಬೇಕಾದರೆ ಅಂಕಿ ಕೊಟ್ಟು ಹಾಕಿ. ಫೋಟೋಶಾಪಿನ ವ್ಯೂ ಮೆನುವಿನ ನ್ಯೂ ಗೈಡಿನಲ್ಲಿ 15 ಎಂ.ಎಂ. ಎಂದು ಕೊಟ್ಟರೂ ಸರಿ, ಶೇಕಡ 50 ಎಂದು ಕೊಟ್ಟರೂ ಸರಿ. ಜಿಂಪಿನಲ್ಲಿ ಇಮೇಜ್ ಮೆನುವಿನೊಳಗೆ ಗೈಡ್ಸ್ ಎಂಬ ಉಪಮೆನು ಇದೆ. ಅಲ್ಲಿ ಶೇಕಡ ಲೆಕ್ಕದಲ್ಲಿ ಒಂದು, ಪಿಕ್ಸೆಲ್ ಲೆಕ್ಕದಲ್ಲಿ ಒಂದು. ಪಿಕ್ಸೆಲ್ ಲೆಕ್ಕ ಬರಬೇಕಾದರೆ ಸ್ವಲ್ಪ ಗಣಿತ ಬೇಕು. ಗಾಬರಿಯಾಗಬೇಡಿ, ಏಳನೇ ತರಗತಿಯ ಗಣಿತ ಸಾಕು.

ಒಂದು ಇಂಚಿಗೆ 25.4 ಮಿಲಿಮೀಟರ್. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಇಟ್ಟುಕೊಳ್ಳುವುದು ರೂಢಿ. 300ನ್ನು 25.4ರಿಂದ ಭಾಗಿಸಿದರೆ 11.811. ಅಂದರೆ ಒಂದು ಮಿಲಿಮೀಟರಿಗೆ 12ಕ್ಕೆ ಸ್ವಲ್ಪ ಕಡಿಮೆ ಪಿಕ್ಸೆಲ್. ಎ4 ಹಾಳೆ 210 ಮತ್ತು 297 ಮಿಲಿಮೀಟರ್. ಪಿಕ್ಸೆಲ್ಲಿನಲ್ಲಿ 2480 ಮತ್ತು 3508. ಈ 11.811 ಎಂಬ ಅಂಕಿಯನ್ನು ನೋಟ್ ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟುಕೊಳ್ಳಿ.

ಇಲ್ಲೇ ಒಂದು ಎಚ್ಚರಿಕೆ. ಪರದೆಯ ಸ್ಕೇಲು ಮರದ ಸ್ಕೇಲಿನಂತಲ್ಲ. ಇಂಚಿಗೆ ಎಷ್ಟು ಪಿಕ್ಸೆಲ್ ಎಂದು ನೀವು ಕಡತಕ್ಕೆ ಹೇಳಿದ್ದೀರೋ ಅದನ್ನು ನಂಬಿ ಅದು ಮಿಲಿಮೀಟರ್ ತೋರಿಸುತ್ತದೆ. 413 ಅಗಲ, 531 ಎತ್ತರ ಪಿಕ್ಸೆಲ್ ಇರುವ ಒಂದು ಫೋಟೋ ಇದೆ ಎನ್ನಿ. ಇಂಚಿಗೆ 300 ಎಂದು ಹೇಳಿದರೆ ಸ್ಕೇಲು 35 ಮತ್ತು 45 ಮಿಲಿಮೀಟರ್ ತೋರಿಸುತ್ತದೆ, ಅಂದರೆ ಪಾಸ್‌ಪೋರ್ಟ್ ಸೈಜು. ಅದೇ ಫೋಟೋಗೆ 72 ಎಂದು ಹೇಳಿದರೆ 146 ಮತ್ತು 187 ಮಿಲಿಮೀಟರ್ ತೋರಿಸುತ್ತದೆ, ಹೆಚ್ಚುಕಡಿಮೆ ಒಂದು ನೋಟ್ ಪುಸ್ತಕದ ಹಾಳೆಯಷ್ಟು. ಫೋಟೋ ಬದಲಾಗಿಲ್ಲ, ಒಂದು ಪಿಕ್ಸೆಲ್ ಕೂಡ ಹೆಚ್ಚಾಗಿಲ್ಲ. ಆದ್ದರಿಂದ ಗೆರೆ ಎಳೆಯುವುದಕ್ಕೆ ಮುಂಚೆ ಇಮೇಜ್ ಸೈಜ್ ತೆರೆದು ಆ ಒಂದು ಅಂಕಿಯನ್ನು ನೋಡಿ.

ಈಗ ಪ್ರಶಸ್ತಿ ಪತ್ರವನ್ನೇ ತೆಗೆದುಕೊಳ್ಳೋಣ. ಎ4 ಹಾಳೆ ಅಡ್ಡಲಾಗಿ, 3508 ಅಗಲ, 2480 ಎತ್ತರ. ಮೊದಲ ನಾಲ್ಕು ಗೆರೆಗಳು ಅಂಚಿನ ಗೆರೆಗಳು. ಸುತ್ತಲೂ 15 ಮಿಲಿಮೀಟರ್ ಬಿಡಿ. ಎಡದಿಂದ 177ರಲ್ಲಿ ಒಂದು, 3331ರಲ್ಲಿ ಒಂದು. ಮೇಲಿನಿಂದ 177ರಲ್ಲಿ ಒಂದು, 2303ರಲ್ಲಿ ಒಂದು. ಈ ಚೌಕದ ಹೊರಗೆ ಬಣ್ಣ ಹೋಗಲಿ, ಬಳ್ಳಿ ಹೋಗಲಿ, ಅಕ್ಷರ ಮಾತ್ರ ಹೋಗಬಾರದು. ಆಸ್ಮಾಳ ಅಲಿಫನ್ನು ಕಾಯುವುದು ಈ 3331ರ ಗೆರೆ. ಪ್ರೆಸ್ಸಿನಲ್ಲಿ ನೂರಾರು ಹಾಳೆಗಳ ಕಟ್ಟನ್ನು ಒಮ್ಮೆಗೇ ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಸರಿಯುವುದು ಸಹಜ, ಅದಕ್ಕೆ ಕೆಲಸಗಾರನನ್ನು ಬೈಯುವಂತಿಲ್ಲ. ಹಿನ್ನೆಲೆಯ ಬಣ್ಣ ಅಂಚಿನವರೆಗೂ ಇದ್ದರೆ ಪ್ರತಿ ಬದಿಗೆ 3 ಮಿಲಿಮೀಟರ್ ಹೆಚ್ಚುವರಿ ಬಣ್ಣ ಇಟ್ಟು, 303 ಮತ್ತು 216 ಮಿಲಿಮೀಟರಿನ ಕಡತ ಮಾಡಿ. ಪ್ರೆಸ್ಸಿನವರು ಇದನ್ನು ಬ್ಲೀಡ್ ಎನ್ನುತ್ತಾರೆ. ಆಗ ನಾನು ಹೇಳಿದ ಎಲ್ಲ ಅಳತೆಗಳಿಗೂ ಆ 3 ಮಿಲಿಮೀಟರನ್ನು, ಅಂದರೆ 35 ಪಿಕ್ಸೆಲ್ಲನ್ನು, ಕೂಡಿಸಿಕೊಳ್ಳಬೇಕು. ಅಂಚಿಗೆ ತೀರಾ ಹತ್ತಿರದಲ್ಲಿ ಸುತ್ತುಗೆರೆಯ ಬಾರ್ಡರ್ ಹಾಕುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಕತ್ತರಿಸುವಾಗ ಅದು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿಯೇ ಆಗುತ್ತದೆ.

ನಂತರ ನಡುಗೆರೆ, 1754ರಲ್ಲಿ. ಅದರ ಎರಡೂ ಬದಿಗೆ 6 ಮಿಲಿಮೀಟರ್ ಬಿಟ್ಟು 1683 ಮತ್ತು 1825ರಲ್ಲಿ ಎರಡು ಗೆರೆ. ಈಗ ಎಡಗಡೆ ಕನ್ನಡಕ್ಕೆ ಒಂದು ಅಂಕಣ, ಬಲಗಡೆ ಉರ್ದುವಿಗೆ ಅಷ್ಟೇ ಅಗಲದ ಒಂದು ಅಂಕಣ. ಕನ್ನಡ 177ರಿಂದ ಆರಂಭವಾಗಿ ಒಳಕ್ಕೆ ಬರುತ್ತದೆ, ಉರ್ದು 3331ರಿಂದ ಆರಂಭವಾಗಿ ಒಳಕ್ಕೆ ಬರುತ್ತದೆ. ಎರಡು ಭಾಷೆಗಳೂ ಒಂದೊಂದು ಬಾಗಿಲಿನಿಂದ ಬಂದು ಎದುರುಬದುರು ಕುಳಿತ ಹಾಗೆ ಇರುತ್ತದೆ. ಫೋಟೋಶಾಪಿನಲ್ಲಿ ಇನ್ನೊಂದು ಅನುಕೂಲವಿದೆ. ಎರಡು ಪಟ್ಟಿಗಳು ಸೇರುವ ಮೂಲೆಯನ್ನು ಹಿಡಿದೆಳೆದು ಬಲ ಅಂಚಿನ ಗೆರೆಯ ಮೇಲೆ ಬಿಟ್ಟರೆ ಸೊನ್ನೆ ಅಲ್ಲಿಗೆ ಹೋಗುತ್ತದೆ. ಉರ್ದು ಅಂಕಣವನ್ನು ಅದು ಆರಂಭವಾಗುವ ಕಡೆಯಿಂದಲೇ ಅಳೆಯಬಹುದು. ಮೂಲೆಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಸೊನ್ನೆ ಮನೆಗೆ ವಾಪಸ್.

ಕೆಳಗಡೆ ಅಧ್ಯಕ್ಷರು, ಕಾರ್ಯದರ್ಶಿ, ಮುಖ್ಯೋಪಾಧ್ಯಾಯರು, ಮೂವರ ಸಹಿ. ಒಳಗಿನ 267 ಮಿಲಿಮೀಟರನ್ನು ಮೂರರಿಂದ ಭಾಗಿಸಿದರೆ 89. ಮೂರು ಭಾಗಗಳ ನಡುಬಿಂದುಗಳು 703, 1754, 2805. ಆ ಗೆರೆಗಳ ಮೇಲೆ ಹುದ್ದೆಯ ಹೆಸರನ್ನು ನಡುಗೂಡಿಸಿ ಇಟ್ಟರೆ ಆಯಿತು. ನಾಲ್ಕನೆಯವರೊಬ್ಬರು ಕೊನೆಯ ಗಳಿಗೆಯಲ್ಲಿ ಸೇರುತ್ತಾರೆ, ಅದು ಎಲ್ಲ ಸಂಘಗಳಲ್ಲೂ ಇದ್ದದ್ದೇ. ಆಗ 267ನ್ನು ನಾಲ್ಕರಿಂದ ಭಾಗಿಸಿ ಮತ್ತೆ ಗೆರೆ ಹಾಕಿ. ಮೂವರ ನಡುವೆ ಒಬ್ಬರನ್ನು ತುರುಕಬೇಡಿ.

ಈಗ ನಿಜವಾದ ಕಷ್ಟದ ಜಾಗಕ್ಕೆ ಬಂದೆವು: ಕನ್ನಡ ಮತ್ತು ಉರ್ದುವನ್ನು ಒಂದೇ ಸಾಲಿನಲ್ಲಿ ಕೂರಿಸುವುದು. ಇದರ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಈ ತಂತ್ರಾಂಶಗಳ ಪಾಠಗಳೆಲ್ಲ ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಲಿಪಿಗಳ ಸ್ವಭಾವ ಬೇರೆ.

ಕನ್ನಡ ಅಕ್ಷರದ ಮೈ ಒಂದು ಕಡೆ, ಅದರ ಒತ್ತು ಕೆಳಗೆ ಇನ್ನೊಂದು ಕಡೆ. ಸಲೀಮ ಎಂಬ ಹೆಸರಿನಲ್ಲಿ ಕೆಳಗೆ ಏನೂ ಇಲ್ಲ. ಅಬ್ದುಲ್ಲಾ ಎಂಬುದರಲ್ಲಿ ಎರಡು ಒತ್ತು ನೇತಾಡುತ್ತವೆ. ಎರಡೂ ಹೆಸರುಗಳನ್ನು ಬೇರೆ ಬೇರೆ ಪದರಗಳಲ್ಲಿ ಅಕ್ಕಪಕ್ಕ ಇಟ್ಟು ಅಲೈನ್ ಬಾಟಮ್ ಗುಂಡಿ ಒತ್ತಿದರೆ ತಂತ್ರಾಂಶವು ಪದರದ ಅತ್ಯಂತ ಕೆಳಗಿನ ತುದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒತ್ತಿನ ಬುಡ ಸಲೀಮನ ಬುಡಕ್ಕೆ ಸಮವಾಗಿ, ಅಬ್ದುಲ್ಲಾ ಮೇಲಕ್ಕೆ ಎಗರಿ ಕೂರುತ್ತಾನೆ. ಇದಕ್ಕೆ ಪರಿಹಾರ ಗುಂಡಿಯಲ್ಲಿ ಇಲ್ಲ, ಗೆರೆಯಲ್ಲಿ ಇದೆ. ಮೂಲಾಕ್ಷರದ ಪಾದ ನಿಲ್ಲುವ ಕಡೆ ಒಂದು ಅಡ್ಡಗೆರೆ ಹಾಕಿ, ಎಲ್ಲ ಹೆಸರುಗಳನ್ನೂ ಮೂಲಾಕ್ಷರದ ಪಾದದಿಂದ ಆ ಗೆರೆಯ ಮೇಲೆ ನಿಲ್ಲಿಸಿ. ಅದರ ಕೆಳಗೆ ಒತ್ತಿನ ಪಾಲಿಗೆ ಇನ್ನೊಂದು ಗೆರೆ ಹಾಕಿ ಆ ಜಾಗವನ್ನು ಖಾಲಿ ಇಡಿ. ಹೆಸರನ್ನು ಪೆನ್ನಿನಲ್ಲಿ ತುಂಬಿಸುವುದಾದರೆ ಈ ಎರಡನೆಯ ಗೆರೆ ಇನ್ನೂ ಮುಖ್ಯ. ಚುಕ್ಕೆಸಾಲಿನ ಕೆಳಗೆ ಒತ್ತು ಬರೆಯಲು ಜಾಗವಿಲ್ಲದೆ ಗುಮಾಸ್ತರು ಪಡುವ ಪಾಡು ನಿಮಗೂ ಗೊತ್ತಿದೆ.

ನಸ್ತಾಲೀಕಿನ ಸ್ವಭಾವ ಇದಕ್ಕೆ ವಿರುದ್ಧ. ಅದರ ಪದ ನೇರವಾಗಿ ನಿಲ್ಲುವುದಿಲ್ಲ, ಬಲ ಮೇಲಿನಿಂದ ಎಡ ಕೆಳಕ್ಕೆ ಇಳಿಜಾರಿನಲ್ಲಿ ಇಳಿಯುತ್ತದೆ. ಜೋಡಿಸಿದ ಅಕ್ಷರಗಳು ಹೆಚ್ಚಿದಷ್ಟೂ ಪದದ ತಲೆ ಎತ್ತರದಿಂದ ಹೊರಡುತ್ತದೆ. ಕೊನೆಯ ಅಕ್ಷರ ಮಾತ್ರ ಸಾಲಿನ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಕನ್ನಡಕ್ಕೆ ಜಾಗ ಬೇಕಾದದ್ದು ಕೆಳಗೆ, ಉರ್ದುವಿಗೆ ಮೇಲೆಯೂ ಬೇಕು. ಇಬ್ಬರಿಗೂ 24 ಪಾಯಿಂಟ್ ಕೊಟ್ಟೆ, ಸಮಾನ ನ್ಯಾಯ ಮಾಡಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾಯಿಂಟ್ ಎಂಬ ಅಂಕಿ ಒಂದೇ ಇದ್ದರೂ ಒಂದೊಂದು ಫಾಂಟಿನಲ್ಲಿ ಅಕ್ಷರದ ಗಾತ್ರ ಒಂದೊಂದು ತರಹ ಕಾಣುತ್ತದೆ. ನಾನು ಮಾಡುವ ಕ್ರಮ ಹೀಗಿದೆ. ಮೊದಲು ಕನ್ನಡದ ಮೂಲಾಕ್ಷರಕ್ಕೆ ತಲೆಕಟ್ಟಿನ ಮೇಲೊಂದು, ಪಾದದಲ್ಲೊಂದು ಗೆರೆ. ಪಾದದ ಗೆರೆಯನ್ನೇ ಉರ್ದುವಿನ ಕೊನೆಯಕ್ಷರಗಳು ಕೂರುವ ಗೆರೆಯಾಗಿಯೂ ಇಟ್ಟುಕೊಳ್ಳುತ್ತೇನೆ. ಒಂಟಿಯಾಗಿ ನಿಂತ ಒಂದು ಅಲಿಫನ್ನು ಟೈಪ್ ಮಾಡಿ, ಅದರ ಎತ್ತರ ಕನ್ನಡ ಅಕ್ಷರಕ್ಕೆ ಹೊಂದುವಂತೆ ಕಾಣುವವರೆಗೆ ಉರ್ದು ಫಾಂಟನ್ನು ದೊಡ್ಡದು ಮಾಡುತ್ತಾ ಹೋಗುತ್ತೇನೆ. ಆಮೇಲೆ ಪಟ್ಟಿಯಲ್ಲಿರುವ ಅತಿ ಉದ್ದದ ಪದವನ್ನು ಟೈಪ್ ಮಾಡಿ ಅದರ ತಲೆ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಮೂರನೆಯ ಗೆರೆ. ಮೇಲಿನ ಸಾಲಿನ ಯಾವ ಒತ್ತೂ ಯಾವ ಬಾಲವೂ ಈ ಮೂರನೆಯ ಗೆರೆಯನ್ನು ದಾಟಿ ಕೆಳಗೆ ಬರಬಾರದು. ನುಕ್ತೆಯ ಲೆಕ್ಕದ ಉಸ್ತಾದರು ಇದನ್ನು ಕಂಡರೆ ಗುರುತು ಹಿಡಿಯುತ್ತಾರೆ ಎಂದುಕೊಂಡಿದ್ದೇನೆ.

ಅಕ್ಷರಗಳೇ ಒಡೆದು ಬರುತ್ತಿದ್ದರೆ ಗೆರೆ ಹಾಕಿ ಪ್ರಯೋಜನವಿಲ್ಲ. ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಬಿಡಿಬಿಡಿಯಾಗಿ, ಉರ್ದು ಅಕ್ಷರಗಳು ಕೈ ಬಿಟ್ಟುಕೊಂಡು ಕಂಡರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ ಭಾಷೆಗಳಿಗಾಗಿ ಇರುವ ಆಯ್ಕೆಯನ್ನು ಹಾಕಿಕೊಳ್ಳಬೇಕು. ಹೊಸ ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್ ರೆಡಿ. ಜಿಂಪಿನಲ್ಲಿ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ.

ಗೆರೆಗೆ ಕಾಂತದ ಗುಣವೂ ಇದೆ. ಸ್ನ್ಯಾಪ್ ಹಾಕಿದ್ದರೆ ಪದರವನ್ನು ಹತ್ತಿರ ತಂದ ಕೂಡಲೇ ಟಕ್ಕೆಂದು ಅಂಟಿಕೊಳ್ಳುತ್ತದೆ. ಫೋಟೋ, ಲಾಂಛನ, ಬಣ್ಣದ ಪಟ್ಟಿಗಳಿಗೆ ಇದು ವರದಾನ. ಅಕ್ಷರಕ್ಕೆ ಮಾತ್ರ ಆಗಾಗ ಶತ್ರು. ಒತ್ತಿನ ತುದಿಯನ್ನೋ ಇಳಿಜಾರಿನ ತಲೆಯನ್ನೋ ಹಿಡಿದು ಅಂಟಿಸಿಬಿಡುತ್ತದೆ. ವ್ಯೂ ಮೆನುವಿನಲ್ಲಿ ಅದನ್ನು ತೆಗೆದುಹಾಕಿ, ಕೀಬೋರ್ಡಿನ ಬಾಣದ ಗುರುತಿನಿಂದ ಒಂದೊಂದೇ ಪಿಕ್ಸೆಲ್ ಸರಿಸಿ. ಕೊನೆಗೆ ಗೆರೆಗಳನ್ನು ಮರೆಮಾಡಿ ಒಮ್ಮೆ ನೋಡಿ. ಫೋಟೋಶಾಪಿನಲ್ಲಿ ಕಂಟ್ರೋಲ್ ಮತ್ತು ಅರ್ಧವಿರಾಮದ ಕೀಲಿ, ಜಿಂಪಿನಲ್ಲಿ ಶಿಫ್ಟ್, ಕಂಟ್ರೋಲ್, ಟಿ. ದುಂಡಗಿನ ಅಕ್ಷರ ಗೆರೆಯನ್ನು ಲೆಕ್ಕದ ಪ್ರಕಾರ ಮುಟ್ಟಿದ್ದರೂ ಕಣ್ಣಿಗೆ ತುಸು ಮೇಲೆ ತೇಲಿದಂತೆ ಕಾಣುತ್ತದೆ, ನಮ್ಮ ಕನ್ನಡವಂತೂ ತುಂಬಾ ದುಂಡು. ಆಗ ಒಂದೆರಡು ಪಿಕ್ಸೆಲ್ ಕೆಳಗಿಳಿಸುವುದು ತಪ್ಪಲ್ಲ. ಕಾತಿಬರೂ ಮಿಸ್ತರಿನ ಗುಲಾಮರಾಗಿರಲಿಲ್ಲ. ಆದರೆ ಗೆರೆ ಹಾಕದೆಯೇ ಕಣ್ಣನ್ನು ನಂಬುವುದು ಬೇರೆ, ಗೆರೆ ಹಾಕಿ ಆಮೇಲೆ ಕಣ್ಣಿನ ಮಾತು ಕೇಳುವುದು ಬೇರೆ.

ಅಕ್ಷರದ ವಿಷಯ ಇಷ್ಟು ಸಾಕು. ಇನ್ನು ಹೊಟ್ಟೆಪಾಡಿನ ವಿಷಯ. ಡಿ.ಟಿ.ಪಿ. ಅಂಗಡಿ ಅಥವಾ ಸ್ಟುಡಿಯೋ ಹಾಕಬೇಕೆಂದಿರುವವರು ನಿಮ್ಮಲ್ಲಿ ಇದ್ದೀರಿ, ಮನೆಯಲ್ಲೇ ಕುಳಿತು ಮಾಡುವ ಕೆಲಸ ಬೇಕೆನ್ನುವ ಹೆಣ್ಣುಮಕ್ಕಳೂ ಇದ್ದೀರಿ. ಶಾಲೆ ಆರಂಭವಾಗುವ ದಿನಗಳಲ್ಲಿ, ವಿದ್ಯಾರ್ಥಿವೇತನದ ಅರ್ಜಿಯ ದಿನಗಳಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗಳಿಗೆ ಬಿಡುವಿಲ್ಲದ ಬೇಡಿಕೆ. ನಾಲ್ಕು ಇಂಚು ಆರು ಇಂಚಿನ ಒಂದು ಹಾಳೆಯಲ್ಲಿ ಎಂಟು ಫೋಟೋ ಹಿಡಿಸಬಹುದು, ಅಳೆದರೆ. ಹಾಳೆ ಅಡ್ಡಲಾಗಿ 1800 ಮತ್ತು 1200 ಪಿಕ್ಸೆಲ್. ಒಂದು ಫೋಟೋ 413 ಅಗಲ, 531 ಎತ್ತರ. ನಾಲ್ಕು ಫೋಟೋಗೆ 1652 ಹೋದರೆ ಅಗಲದಲ್ಲಿ ಉಳಿಯುವುದು 148. ಎಡಬಲ ಅಂಚಿಗೆ 29ರಂತೆ, ನಡುವಿನ ಮೂರು ಸಂದಿಗೆ 30ರಂತೆ ಹಂಚಿ. ಲಂಬಗೆರೆಗಳು 29, 442, 472, 885, 915, 1328, 1358, 1771ರಲ್ಲಿ ಬೀಳುತ್ತವೆ. ಎತ್ತರದಲ್ಲಿ ಎರಡು ಫೋಟೋಗೆ 1062 ಹೋಗಿ ಉಳಿದ 138 ಮೂರು ಸಮಪಾಲು, ತಲಾ 46. ಅಡ್ಡಗೆರೆಗಳು 46, 577, 623, 1154. ಒಟ್ಟು ಹನ್ನೆರಡು ಗೆರೆ. ಸ್ನ್ಯಾಪ್ ಹಾಕಿ ಎಂಟು ಫೋಟೋಗಳನ್ನು ತಂದಿಟ್ಟರೆ ಕತ್ತರಿ ಓಡಿಸಲು ಎಲ್ಲ ಕಡೆ ಎರಡೂವರೆ ಮಿಲಿಮೀಟರಿನಷ್ಟಾದರೂ ಸಂದು ಸಿಗುತ್ತದೆ. ಈ ಕಡತವನ್ನು ಒಮ್ಮೆ ಮಾಡಿ ಇಟ್ಟುಕೊಂಡರೆ ಮುಂದೆ ಫೋಟೋ ಬದಲಿಸುತ್ತಾ ಹೋದರೆ ಸಾಕು.

ಇಡೀ ತರಗತಿಗೆ ಗುರುತಿನ ಚೀಟಿ ಮಾಡುವಾಗಲೂ ಇದೇ ಯುಕ್ತಿ. ಚೀಟಿಯ ಅಳತೆ ಬ್ಯಾಂಕಿನ ಕಾರ್ಡಿನಷ್ಟೇ ಇದ್ದರೆ 85.6 ಮತ್ತು 54 ಮಿಲಿಮೀಟರ್, ಅಂದರೆ 1011 ಮತ್ತು 638 ಪಿಕ್ಸೆಲ್. ಫೋಟೋದ ಚೌಕದಲ್ಲಿ ನೆತ್ತಿಗೆ ಒಂದು ಗೆರೆ, ಗಲ್ಲಕ್ಕೆ ಒಂದು ಗೆರೆ, ಮೂಗಿನ ನೇರಕ್ಕೆ ಒಂದು ಗೆರೆ ಹಾಕಿ ಪ್ರತಿ ಮಗುವಿನ ಮುಖವನ್ನು ಅದರೊಳಗೆ ಹೊಂದಿಸಿ. ಒಬ್ಬ ಹತ್ತಿರ, ಒಬ್ಬ ದೂರ ನಿಂತಂತೆ ಕಾಣುವುದು ತಪ್ಪುತ್ತದೆ.

ಗೆರೆಯಿಂದ ಕತ್ತರಿಸುವುದೂ ಸಾಧ್ಯ. ಸಂಘದ ಹಳೆಯ ಫೋಟೋಗಳನ್ನು ಸ್ಕ್ಯಾನರಿನ ಗಾಜಿನ ಮೇಲೆ ನಾಲ್ಕು ನಾಲ್ಕಾಗಿ ಇಟ್ಟು ಸ್ಕ್ಯಾನ್ ಮಾಡಿ, ಅವುಗಳ ನಡುವೆ ಗೈಡ್ ಎಳೆದು, ಜಿಂಪಿನ ಇಮೇಜ್ ಮೆನುವಿನಲ್ಲಿ ಸ್ಲೈಸ್ ಯೂಸಿಂಗ್ ಗೈಡ್ಸ್ ಕೊಟ್ಟರೆ ನಾಲ್ಕೂ ಬೇರೆ ಬೇರೆ ಚಿತ್ರಗಳಾಗಿ ತೆರೆದುಕೊಳ್ಳುತ್ತವೆ. ಫೋಟೋ ಸೊಟ್ಟಗಿದೆಯೇ ಎಂದು ತಿಳಿಯಲು ಗೋಡೆಯ ಅಂಚಿಗೋ ಬೆಂಚಿನ ಅಂಚಿಗೋ ಒಂದು ಗೈಡ್ ತಂದು ನಿಲ್ಲಿಸಿ ತಿರುಗಿಸಿದರೆ ಆಯಿತು.

ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ ಇದೆ ಎನ್ನುವವರ ಮಾತೂ ಕೇಳಿದ್ದೇನೆ. ಕ್ಯಾನ್ವಾದಂಥ ಸೌಲಭ್ಯವನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದರೆ ಅದರಲ್ಲೂ ರೂಲರ್ ಮತ್ತು ಗೈಡ್ ಇವೆ. ಅಚ್ಚಿಗೆ ಹೋಗುವ ಕೆಲಸವನ್ನು ಮೊಬೈಲಿನ ಪುಟ್ಟ ಪರದೆಯಲ್ಲಿ ಬೆರಳಿನಿಂದ ಮುಗಿಸಬೇಡಿ, ಸಂಘದ ಕಂಪ್ಯೂಟರ್ ಕೋಣೆಗೆ ಬನ್ನಿ. ಹಾಗೆಯೇ ಪುಟಗಟ್ಟಲೆ ಬರಹವಿರುವ ಪುಸ್ತಕ, ಸಂಚಿಕೆಗಳನ್ನು ಫೋಟೋಶಾಪಿನಲ್ಲಾಗಲಿ ಜಿಂಪಿನಲ್ಲಾಗಲಿ ಕಟ್ಟಬಾರದು. ಅದಕ್ಕೆ ಪುಟವಿನ್ಯಾಸದ ತಂತ್ರಾಂಶಗಳೇ ಬೇರೆ ಇವೆ, ಅವುಗಳಲ್ಲೂ ಗೈಡ್ ಹೀಗೆಯೇ ಕೆಲಸ ಮಾಡುತ್ತದೆ.

ಚಹಾ ವಿರಾಮದ ನಂತರ ಎಲ್ಲರೂ ಯಂತ್ರದ ಮುಂದೆ ಕುಳಿತುಕೊಳ್ಳಿ. ಓದುಗರು ಮನೆಯಲ್ಲೇ ಮಾಡಬಹುದು. ಇಂಚಿಗೆ 300ರಂತೆ 3508 ಮತ್ತು 2480ರ ಖಾಲಿ ಪುಟ ತೆರೆಯಿರಿ. ಅಂಚಿನ ನಾಲ್ಕು ಗೆರೆ, ನಡುವಿನ ಮೂರು ಗೆರೆ ಹಾಕಿ. ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಅತಿ ಉದ್ದದ ಹೆಸರು ಯಾರದು ನೋಡಿ, ತಂದೆಯ ಹೆಸರು, ಊರಿನ ಹೆಸರು ಸೇರಿಸಿ ಎಡಗಡೆ ಕನ್ನಡದಲ್ಲಿ, ಬಲಗಡೆ ಉರ್ದುವಿನಲ್ಲಿ ಟೈಪ್ ಮಾಡಿ. ಆ ಹೆಸರು ಎರಡೂ ಕಡೆ ಗೆರೆಯೊಳಗೆ ಕುಳಿತ ಮೇಲೆ ನನ್ನನ್ನು ಕರೆಯಿರಿ, ಬಣ್ಣ ಬಳಿಯುವುದನ್ನು ಆಮೇಲೆ ಹೇಳಿಕೊಡುತ್ತೇನೆ.